ಕಬ್ಬಿಣ, ತಾಮ್ರ ಮತ್ತು ಮನೆ: ಭಾರದ ರೇಡಿಯೊಗಳು ನಿಂತ ಜಾಗದ ಕಥೆ

1935ರ ಸೆಪ್ಟೆಂಬರ್ 10ರಂದು ಮೈಸೂರಿನ ಒಂದು ಮನೆಯಿಂದ ಬಾನುಲಿ ಪ್ರಸಾರ ಶುರುವಾಯಿತು. ಮನೆಯ ಹೆಸರು ವಿಠ್ಠಲ ವಿಹಾರ. ಮನೆಯ ಯಜಮಾನರು ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. ಆರಂಭದಲ್ಲಿ ಇದ್ದದ್ದು 30 ವಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್. ಮುಂದೆ ಅದರ ಜಾಗಕ್ಕೆ 250 ವಾಟ್‌ನದು ಬಂತು. 1942ರಲ್ಲಿ ಮೈಸೂರು ಸಂಸ್ಥಾನ ಈ ಕೇಂದ್ರವನ್ನು ವಹಿಸಿಕೊಂಡಿತು. 'ಆಕಾಶವಾಣಿ' ಎಂಬ ಹೆಸರು ಹೇಗೆ ಬಂತು, ಅಲ್ಲಿ ಯಾರು ಹಾಡಿದರು, ಯಾರು ಮಾತಾಡಿದರು ಎಂಬುದನ್ನು ಕನ್ನಡಿಗರು ಹಲವು ಸಲ ಕೇಳಿದ್ದಾರೆ. ಒಂದು ವಾಸದ ಮನೆಗೆ ಪ್ರಸಾರದ ಯಂತ್ರ ಬಂದು ನಿಂತಿತು ಎಂಬ ಸಂಗತಿಯ ಕಡೆಗೆ ಮಾತ್ರ ಯಾರ ಗಮನವೂ ಅಷ್ಟಾಗಿ ಹೋಗಿಲ್ಲ.

ಮನೆ ಕಟ್ಟುವವರು ಮಂಚ, ಬೀರು, ಅಕ್ಕಿಮೂಟೆಗಳ ಲೆಕ್ಕ ಹಾಕುತ್ತಾರೆ. ಟ್ರಾನ್ಸ್‌ಮಿಟರಿನ ಲೆಕ್ಕ ಹಾಕುವುದಿಲ್ಲ. ಆದರೂ ಇಪ್ಪತ್ತನೇ ಶತಮಾನದ ಉದ್ದಕ್ಕೂ ಜಗತ್ತಿನ ಸಾವಿರಾರು ಮನೆಗಳಿಗೆ ಇಂಥ ಯಂತ್ರಗಳು ಬಂದವು: ಹ್ಯಾಮ್ ಹವ್ಯಾಸಿಗಳ ಕೋಣೆಗಳಿಗೆ, ಸಂಗ್ರಾಹಕರ ಗ್ಯಾರೇಜುಗಳಿಗೆ, ಕೊನೆಗೆ ಮಹಾನಗರಗಳ ಫ್ಲ್ಯಾಟುಗಳಿಗೆ. ಅಮೆರಿಕದ ಹ್ಯಾಮ್‌ಗಳು ಇವಕ್ಕೆ 'ಬೋಟ್ ಆಂಕರ್' ಎಂಬ ಅಡ್ಡಹೆಸರಿಟ್ಟರು. ದೋಣಿಗೆ ಲಂಗರು ಹಾಕಲು ಸಾಕಾಗುವಷ್ಟು ಭಾರ ಎಂಬ ತಮಾಷೆ ಅದರಲ್ಲಿದೆ. ಈ ಯಂತ್ರಗಳನ್ನು ಮನೆಯಲ್ಲಿ ಎಲ್ಲಿಡಬೇಕು, ಒಂದರ ಮೇಲೊಂದು ಪೇರಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಅವು ಮೊದಲು ಎಲ್ಲಿ ನಿಲ್ಲಲೆಂದು ತಯಾರಾದವು ಎಂದು ನೋಡಬೇಕು.

ಭಾರ ಎಲ್ಲಿಂದ ಬಂತು

ಹಳೆಯ ರೇಡಿಯೊದ ತೂಕ ಅದರ ಮರದ ಪೆಟ್ಟಿಗೆಯದ್ದೂ ಅಲ್ಲ, ಗಾಜಿನ ವಾಲ್ವುಗಳದ್ದೂ ಅಲ್ಲ. ಬಹುಪಾಲು ತೂಕ ಟ್ರಾನ್ಸ್‌ಫಾರ್ಮರಿನದು. ವಾಲ್ವು ಕೆಲಸ ಮಾಡಲು ಎರಡು ಬಗೆಯ ವಿದ್ಯುತ್ ಬೇಕು: ಒಳಗಿನ ತಂತಿಯನ್ನು ಕಾಯಿಸಲು ಕೆಲವೇ ವೋಲ್ಟ್, ಅದರ ಪ್ಲೇಟಿಗೆ ನೂರಾರು ವೋಲ್ಟ್. ಟ್ರಾನ್ಸ್‌ಮಿಟರಿನಲ್ಲಾದರೆ ಸಾವಿರಾರು. ಮನೆಗೆ ಬರುವ ಕರೆಂಟಿನಿಂದ ಇವೆರಡನ್ನೂ ಪಡೆಯಲು ಕಬ್ಬಿಣದ ತಗಡುಗಳನ್ನು ಒತ್ತಾಗಿ ಜೋಡಿಸಿ, ಸುತ್ತಲೂ ತಾಮ್ರದ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತಿತ್ತು.

ಆ ಕಬ್ಬಿಣದ ತಿರುಳು ಎಷ್ಟು ದೊಡ್ಡದಿರಬೇಕು ಎಂಬುದು ಕರೆಂಟಿನ ಆವರ್ತನದ ಮೇಲೆ ನಿಂತಿದೆ. ಭಾರತದಲ್ಲಿ ಸೆಕೆಂಡಿಗೆ 50 ಆವರ್ತನ, ಅಮೆರಿಕದಲ್ಲಿ 60. ಆವರ್ತನ ಕಡಿಮೆಯಿದ್ದಷ್ಟೂ ಅದೇ ಶಕ್ತಿಗೆ ಹೆಚ್ಚು ಕಬ್ಬಿಣ ಬೇಕು. ವಿಮಾನಗಳಲ್ಲಿ ಪ್ರತಿ ಕಿಲೋಗ್ರಾಮೂ ಲೆಕ್ಕಕ್ಕೆ ಬರುವುದರಿಂದ ಅಲ್ಲಿ 400 ಆವರ್ತನದ ವಿದ್ಯುತ್ ರೂಢಿಗೆ ಬಂತು. ಅದರ ಟ್ರಾನ್ಸ್‌ಫಾರ್ಮರುಗಳು ಚಿಕ್ಕವು. ಇಂದಿನ ಮೊಬೈಲ್ ಚಾರ್ಜರ್ ಒಳಗೆ ಸಾವಿರಾರು ಆವರ್ತನದಲ್ಲಿ ಕೆಲಸ ನಡೆಯುತ್ತದೆ, ಅದಕ್ಕೇ ಅದು ಅಂಗೈಯಲ್ಲಿ ಹಿಡಿಸುತ್ತದೆ. ನೆಲದ ಮೇಲೆ ನಿಲ್ಲುವ ರೇಡಿಯೊ ಮಾಡಿದವರಿಗೆ ತೂಕ ಉಳಿಸುವ ಒತ್ತಡವೇ ಇರಲಿಲ್ಲ. ಟ್ರಾನ್ಸ್‌ಫಾರ್ಮರಿನ ಪಕ್ಕಕ್ಕೆ ಕಬ್ಬಿಣದ ಚೋಕು, ಎಣ್ಣೆ ತುಂಬಿದ ಕೆಪಾಸಿಟರು, ಅಲುಗಾಡದಂತೆ ದಪ್ಪ ಉಕ್ಕಿನ ಚಾಸಿ, ಎಲ್ಲವೂ ಸೇರಿದವು.

ಈ ತೂಕ ಪೆಟ್ಟಿಗೆಯ ತುಂಬ ಸಮನಾಗಿ ಹರಡಿರುವುದಿಲ್ಲ. ಟ್ರಾನ್ಸ್‌ಫಾರ್ಮರು ಸಾಮಾನ್ಯವಾಗಿ ಹಿಂಬದಿಯ ಒಂದು ಮೂಲೆಯಲ್ಲಿ ಕೂತಿರುತ್ತದೆ. ಎರಡೂ ಬದಿಗೆ ಕೈಹಾಕಿ ಎತ್ತಿದವರಿಗೆ ಒಂದು ಕೈಗೆ ಬುಟ್ಟಿಯ ಭಾರ, ಇನ್ನೊಂದು ಕೈಗೆ ಬಂಡೆಯ ಭಾರ. ಸೊಂಟ ಹಿಡಿಯುವುದು, ಬೆರಳು ಜಜ್ಜುವುದು, ಯಂತ್ರ ಕೈಜಾರುವುದು ಹೆಚ್ಚಾಗಿ ಈ ಗಳಿಗೆಯಲ್ಲೇ.

ಟೆಲಿಫೋನ್ ಎಕ್ಸ್‌ಚೇಂಜಿನ ಚೌಕಟ್ಟು

ಭಾರದ ಯಂತ್ರಗಳನ್ನು ಒಂದರ ಮೇಲೊಂದು ಜೋಡಿಸುವ ಸಮಸ್ಯೆಯನ್ನು ಮೊದಲು ಬಗೆಹರಿಸಿದವರು ರೇಡಿಯೊದವರಲ್ಲ, ಟೆಲಿಫೋನಿನವರು. ಎಕ್ಸ್‌ಚೇಂಜುಗಳಲ್ಲಿ ಸಾಲುಸಾಲಾಗಿ ರಿಲೇಗಳನ್ನು ಕೂರಿಸಲು ಉಕ್ಕಿನ ಎರಡು ನೆಟ್ಟನೆ ಕಂಬಗಳ ಚೌಕಟ್ಟು ಬಳಕೆಗೆ ಬಂತು. 'ರಿಲೇ ರ‍್ಯಾಕ್' ಎಂಬ ಹೆಸರು ಅಲ್ಲಿಂದಲೇ ಬಂದದ್ದು. 1920ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ಅದರ ಅಳತೆ ನಿಂತಿತು: ಮುಖಫಲಕದ ಅಗಲ 19 ಅಂಗುಲ, ಎತ್ತರದ ಒಂದು ಘಟಕ ಒಂದೂಮುಕ್ಕಾಲು ಅಂಗುಲ. ನೂರು ವರ್ಷದ ಮೇಲೂ ಇಂದಿನ ಡೇಟಾ ಸೆಂಟರುಗಳ ಸರ್ವರುಗಳು ಇದೇ ಅಳತೆಯಲ್ಲಿ ಕೂರುತ್ತವೆ.

ಈ ಚೌಕಟ್ಟಿನ ಬುದ್ಧಿವಂತಿಕೆ ಸರಳವಾದದ್ದು. ರ‍್ಯಾಕಿನಲ್ಲಿ ಯಾವ ಯಂತ್ರವೂ ಕೆಳಗಿನ ಯಂತ್ರದ ಮೇಲೆ ಭಾರ ಹಾಕುವುದಿಲ್ಲ. ಪ್ರತಿಯೊಂದರ ಭಾರವನ್ನೂ ಚೌಕಟ್ಟು ಹೊತ್ತು ನೆಲಕ್ಕೆ ಇಳಿಸುತ್ತದೆ. ಚೌಕಟ್ಟಿನ ಬುಡವನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿಯುತ್ತಿದ್ದರು, ತಲೆಯನ್ನು ಮೇಲಿನ ಕಬ್ಬಿಣದ ಅಡ್ಡಪಟ್ಟಿಗೆ ಕಟ್ಟುತ್ತಿದ್ದರು. ಯಂತ್ರದಿಂದ ಯಂತ್ರಕ್ಕೆ ಗಾಳಿಯಾಡಲು ಸಂದು ಬಿಡುತ್ತಿದ್ದರು.

ರೇಡಿಯೊ ಕೇಂದ್ರಗಳೂ ಸೇನೆಗಳೂ ಈ ಅಳತೆಯನ್ನೇ ಎತ್ತಿಕೊಂಡವು. ಹಾಗಾಗಿ ಮುಂದೆ ಮನೆಗಳಿಗೆ ಬಂದ ಅನೇಕ ರಿಸೀವರುಗಳ ಮುಖದ ಎರಡೂ ಅಂಚಿನಲ್ಲಿ ರ‍್ಯಾಕಿಗೆ ಬಿಗಿಯುವ ತೂತುಗಳಿವೆ. ಮನೆಗೆ ಬಂದದ್ದು ಯಂತ್ರ ಮಾತ್ರ. ಅದನ್ನು ಹೊರುತ್ತಿದ್ದ ಚೌಕಟ್ಟು, ನೆಲದ ಬೋಲ್ಟು, ಮೇಲಿನ ಅಡ್ಡಪಟ್ಟಿ ಎಕ್ಸ್‌ಚೇಂಜಿನಲ್ಲೋ ಸೇನೆಯ ಠಾಣೆಯಲ್ಲೋ ಉಳಿದುಬಿಟ್ಟವು.

ಮನೆಯಿಂದ ಲಾರಿಗೆ, ಲಾರಿಯಿಂದ ಮನೆಗೆ

ಈ ಪ್ರಯಾಣಕ್ಕೆ ಒಳ್ಳೆಯ ಉದಾಹರಣೆ ಬಿಸಿ-610 ಎಂಬ ಟ್ರಾನ್ಸ್‌ಮಿಟರ್. ಷಿಕಾಗೋದ ಹ್ಯಾಲಿಕ್ರಾಫ್ಟರ್ಸ್ ಕಂಪನಿ ಯುದ್ಧಕ್ಕೆ ಮುಂಚೆ ಹ್ಯಾಮ್‌ಗಳಿಗಾಗಿ ಎಚ್‌ಟಿ-4 ಎಂಬ ಟ್ರಾನ್ಸ್‌ಮಿಟರನ್ನು ಮಾಡಿತ್ತು. ಮನೆಯ ನೆಲದ ಮೇಲೆ ನಿಲ್ಲುವ ಚಿಕ್ಕ ಬೀರುವಿನಂಥ ಪೆಟ್ಟಿಗೆ ಅದು. ಎರಡನೇ ಮಹಾಯುದ್ಧ ಬಂದಾಗ ಅಮೆರಿಕದ ಸೇನೆಗೆ ದೂರ ಮುಟ್ಟುವ ಸಂಚಾರಿ ಟ್ರಾನ್ಸ್‌ಮಿಟರ್ ತುರ್ತಾಗಿ ಬೇಕಾಯಿತು. ಹೊಸದನ್ನು ಮೊದಲಿನಿಂದ ಮಾಡುವ ಬದಲು ಹ್ಯಾಮ್‌ಗಳ ಈ ಯಂತ್ರವನ್ನೇ ಗಟ್ಟಿ ಮಾಡಿ ಬಿಸಿ-610 ಎಂದು ಹೆಸರಿಟ್ಟು, ಮುಚ್ಚಿದ ಷೆವರ್ಲೆ ವಾಹನದೊಳಗೆ ಕೂರಿಸಿದರು. ಜನರೇಟರನ್ನು ಹಿಂದಿನ ಟ್ರೇಲರಿನಲ್ಲಿ ಎಳೆದರು. ಒಟ್ಟು ವ್ಯವಸ್ಥೆಗೆ ಎಸ್‌ಸಿಆರ್-299 ಎಂದು ಹೆಸರು. 1942ರ ಕೊನೆಯಲ್ಲಿ ಉತ್ತರ ಆಫ್ರಿಕದ ಕದನದಲ್ಲಿ ಅದು ಬಳಕೆಯಾಯಿತು.

ಟ್ರಾನ್ಸ್‌ಮಿಟರ್ ಒಂದರದೇ ತೂಕ ಸುಮಾರು 180 ಕಿಲೋ. ಯುದ್ಧ ಮುಗಿದ ಮೇಲೆ ಬಿಸಿ-610ಗಳು ಹೆಚ್ಚುವರಿ ಸಾಮಾನಾಗಿ ಮಾರಾಟಕ್ಕೆ ಬಂದವು. ಕೊಂಡವರಲ್ಲಿ ಹ್ಯಾಮ್‌ಗಳೇ ಬಹಳ. ಮನೆಯಿಂದ ಹೊರಟ ಯಂತ್ರ ಯುದ್ಧ ಮುಗಿಸಿಕೊಂಡು ಮನೆಗೇ ಮರಳಿತು.

ರಿಸೀವರುಗಳ ಕಥೆಯೂ ಹೀಗೇ. ಆರ್‌ಸಿಎ ಕಂಪನಿಯ ಎಆರ್-88 ಯುದ್ಧದ ವರ್ಷಗಳಲ್ಲಿ ಬ್ರಿಟನ್ನಿಗೂ ಸೋವಿಯತ್ ಒಕ್ಕೂಟಕ್ಕೂ ಹೋಯಿತು. ಅದರ ತೂಕ ಸುಮಾರು 45 ಕಿಲೋ. ನ್ಯಾಷನಲ್ ಕಂಪನಿಯ ಎಚ್‌ಆರ್‌ಒ ಬ್ರಿಟನ್ನಿನಲ್ಲಿ ಶತ್ರುಗಳ ಸಂದೇಶ ಕದ್ದಾಲಿಸುವ ಕೇಂದ್ರಗಳಲ್ಲಿ ದುಡಿಯಿತು. ಅದರ ವಿದ್ಯುತ್ ಪೂರೈಕೆಯ ಪೆಟ್ಟಿಗೆ ಬೇರೆಯಾಗಿತ್ತು. 1950ರ ದಶಕದಲ್ಲಿ ಕಾಲಿನ್ಸ್ ಕಂಪನಿ ರೂಪಿಸಿದ ಆರ್-390ಎ ಐವತ್ತು ಸಾವಿರಕ್ಕೂ ಮಿಕ್ಕಿ ತಯಾರಾಯಿತು. ರ‍್ಯಾಕಿನಲ್ಲಿ ಆರು ಘಟಕದೆತ್ತರ, ತೂಕ ಸುಮಾರು 38 ಕಿಲೋ. ಒಬ್ಬ ಮನುಷ್ಯ ಅನುಕೂಲ ಸ್ಥಿತಿಯಲ್ಲಿ ಎತ್ತುವ ಭಾರಕ್ಕೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಗದಿ ಮಾಡಿರುವ ಮೇಲ್ಮಿತಿ 23 ಕಿಲೋ. ಅಂದರೆ ಇವುಗಳಲ್ಲಿ ಹಲವು ಒಬ್ಬರು ಎತ್ತುವ ಸಾಮಾನೇ ಅಲ್ಲ. ಸೇನೆಯಲ್ಲಿ ಎತ್ತಲು ಇಬ್ಬರು ಸಿಪಾಯಿಗಳು ಸಿಗುತ್ತಿದ್ದರು. ಮನೆಯಲ್ಲಿ ಎಪ್ಪತ್ತು ದಾಟಿದ ಹವ್ಯಾಸಿ ಒಬ್ಬರೇ ಎತ್ತಲು ಹೋಗುತ್ತಾರೆ.

ಭಾರತಕ್ಕೂ ಈ ಅಲೆ ಮುಟ್ಟಿತು. ಯುದ್ಧದಲ್ಲಿ ಇಲ್ಲಿ ನೆಲೆಸಿದ್ದ ಬ್ರಿಟಿಷ್, ಅಮೆರಿಕನ್ ಪಡೆಗಳು ಬಿಟ್ಟುಹೋದ ಸಾಮಾನು ಮುಂಬೈಯ ಚೋರ್ ಬಜಾರಿನಂಥ ಪೇಟೆಗಳಿಗೆ ಬಂತು. ಸ್ವಾತಂತ್ರ್ಯದ ನಂತರ ಆಮದಿನ ಮೇಲೆ ಬಿಗಿ ಕಟ್ಟುಪಾಡು ಇದ್ದ ದಶಕಗಳಲ್ಲಿ ಭಾರತದ ಹ್ಯಾಮ್‌ಗಳಿಗೆ ಇಂಥ ಸಾಮಾನೇ ಬಂಡವಾಳ. ಅಮೆರಿಕದ 115 ವೋಲ್ಟಿನ ಯಂತ್ರವನ್ನು ಇಲ್ಲಿನ 230 ವೋಲ್ಟಿಗೆ ಹೊಂದಿಸಲು ಇನ್ನೊಂದು ಟ್ರಾನ್ಸ್‌ಫಾರ್ಮರ್ ಬೇಕಾಗುತ್ತಿತ್ತು. ಭಾರದ ಮೇಲೆ ಭಾರ. 60 ಆವರ್ತನಕ್ಕೆಂದೇ ಮಾಡಿದ ಟ್ರಾನ್ಸ್‌ಫಾರ್ಮರು ಇಲ್ಲಿನ 50ರಲ್ಲಿ ಹೆಚ್ಚು ಬಿಸಿಯಾಗುತ್ತದೆ. ಅದರ ಮೇಲೆ ಇನ್ನೊಂದು ಪೆಟ್ಟಿಗೆ ಇಟ್ಟರೆ ಬಿಸಿ ಹೋಗಲು ದಾರಿಯೇ ಇಲ್ಲ.

ಅಲೆದಾಡಿದ ಟ್ರಾನ್ಸ್‌ಮಿಟರು

ಒಂದೇ ಕಡೆ ನಿಲ್ಲಬೇಕಾದ ಯಂತ್ರವನ್ನು ಮನೆಯಿಂದ ಮನೆಗೆ ಸಾಗಿಸಬೇಕಾದರೆ ಏನಾಗುತ್ತದೆ ಎಂಬುದಕ್ಕೆ ಮುಂಬೈಯಲ್ಲೇ ಒಂದು ಇತಿಹಾಸವಿದೆ. 1942ರ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ನಾಯಕರೆಲ್ಲ ಜೈಲು ಸೇರಿದ ಮೇಲೆ ಉಷಾ ಮೆಹ್ತಾ ಮತ್ತು ಸಂಗಡಿಗರು ಭೂಗತ ಕಾಂಗ್ರೆಸ್ ರೇಡಿಯೊ ನಡೆಸಿದರು. ಯುದ್ಧ ಶುರುವಾದಾಗಲೇ ಹ್ಯಾಮ್ ಲೈಸೆನ್ಸುಗಳು ರದ್ದಾಗಿದ್ದವು. ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳುವುದೇ ಅಪರಾಧ. ಪೊಲೀಸರು ಅಲೆಯ ಜಾಡು ಹಿಡಿಯುವ ಮುನ್ನ ಜಾಗ ಬದಲಿಸಬೇಕಿತ್ತು. ಚೌಪಾಟಿ, ವಾಲಕೇಶ್ವರ, ಲ್ಯಾಬರ್ನಮ್ ರಸ್ತೆ, ಸ್ಯಾಂಡ್‌ಹರ್ಸ್ಟ್ ರಸ್ತೆ ಎಂದು ಬಾಡಿಗೆ ಮನೆಗಳನ್ನು ಹಿಡಿಯುತ್ತಾ ಬಿಡುತ್ತಾ ಸಾಗಿದ ಆ ಕೇಂದ್ರವನ್ನು ನವೆಂಬರ್ 12ರಂದು ಗಿರಗಾಂವಿನ ಪಾರೇಖ್ ವಾಡಿಯಲ್ಲಿ ಪೊಲೀಸರು ಹಿಡಿದರು. ಉಷಾ ಮೆಹ್ತಾ ಅವರಿಗೆ ನಾಲ್ಕು ವರ್ಷ ಸೆರೆವಾಸವಾಯಿತು. ಆಗ ಅವರಿಗೆ 22 ವರ್ಷ.

ಯಂತ್ರ ಎಲ್ಲಿದೆ, ಅದನ್ನು ಎಷ್ಟು ಬೇಗ ಎತ್ತಬಹುದು ಎಂಬುದು ಆ ತರುಣ ತರುಣಿಯರ ಪಾಲಿಗೆ ಸೆರೆ ಬಿಡುಗಡೆಯ ಪ್ರಶ್ನೆಯಾಗಿತ್ತು. ಇಂದಿನ ಸಂಗ್ರಾಹಕನಿಗೆ ಅಷ್ಟು ಅವಸರವಿಲ್ಲ. ಆದರೆ ಮನೆ ಬದಲಿಸುವ ದಿನ, ಬಣ್ಣ ಬಳಿಸುವ ದಿನ, ಮನೆಯೊಳಗೆ ನೀರು ನುಗ್ಗಿದ ರಾತ್ರಿ ಅದೇ ಪ್ರಶ್ನೆ ಮತ್ತೆ ಬರುತ್ತದೆ.

ಪೇರಿಸುವಾಗ ಆಗುವ ತಪ್ಪು

ಮೇಜಿನ ಮೇಲೆ ಎಆರ್-88, ಅದರ ಮೇಲೆ ಇನ್ನೊಂದು ರಿಸೀವರ್, ಅದರ ಮೇಲೆ ಸ್ಪೀಕರು. ಹಳೆಯ ಹ್ಯಾಮ್ ಕೋಣೆಗಳ ಚಿತ್ರಗಳಲ್ಲಿ ಕಾಣುವ ನೋಟ ಇದು. ನೋಡಲು ಚಂದ. ಆದರೆ ಇಂಥ ಪೆಟ್ಟಿಗೆಗಳ ಮೇಲ್ಮುಚ್ಚಳದಲ್ಲಿ ತೂತುಗಳಿರುವುದು ಬಿಸಿಗಾಳಿ ಹೊರಹೋಗಲೆಂದು. ಆರ್-390ಎ ಹಚ್ಚಿಟ್ಟರೆ 200 ವಾಟ್‌ಗೂ ಹೆಚ್ಚು ವಿದ್ಯುತ್ ಕುಡಿಯುತ್ತದೆ, ಹೆಚ್ಚುಕಡಿಮೆ ಅದೆಲ್ಲ ಬಿಸಿಯಾಗಿ ಮೇಲೇಳುತ್ತದೆ. ಮೇಲಿನ ಪೆಟ್ಟಿಗೆ ಕೆಳಗಿನದರ ಮೂಗು ಮುಚ್ಚುತ್ತದೆ, ಕೆಳಗಿನದು ಮೇಲಿನದನ್ನು ಬೇಯಿಸುತ್ತದೆ. ಮೇಣ ಹಚ್ಚಿದ ಕಾಗದದ ಕೆಪಾಸಿಟರುಗಳು ಮೊದಲು ಸಾಯುವುದು ಈ ಬಿಸಿಗೆ.

ಎರಡನೆಯ ತಪ್ಪು ರ‍್ಯಾಕ್ ಇದ್ದವರದ್ದು. 38 ಕಿಲೋದ ಯಂತ್ರವನ್ನು ಮುಖಫಲಕದ ನಾಲ್ಕು ಸ್ಕ್ರೂಗಳ ಮೇಲಷ್ಟೇ ನೇತುಹಾಕಿದರೆ ಹಿಂಬದಿಯ ಭಾರಕ್ಕೆ ಫಲಕ ಬಾಗುತ್ತದೆ. ಹಿಂದಿನವರೆಗೂ ಚಾಚಿದ ಕಂಬಿ ಅಥವಾ ಹಲಗೆಯ ಆಸರೆ ಬೇಕು. ಫಲಕದ ಹಿಡಿಕೆಗಳು ಯಂತ್ರವನ್ನು ಹೊರಗೆಳೆಯಲು ಇರುವಂಥವು. ಅವನ್ನಷ್ಟೇ ಹಿಡಿದು ಎತ್ತಿದರೆ ಹಿಂಭಾಗ ಕುಸಿಯುತ್ತದೆ.

ಮೂರನೆಯದು ಉರುಳುವ ಭಯ. ಎಕ್ಸ್‌ಚೇಂಜಿನಲ್ಲಿ ನೆಲಕ್ಕೆ ಬೋಲ್ಟು ಹಾಕಿದ ಚೌಕಟ್ಟು ಮನೆಯಲ್ಲಿ ಟೈಲ್ಸಿನ ಮೇಲೆ ಸುಮ್ಮನೆ ನಿಂತಿರುತ್ತದೆ. ಮೇಲಿನ ಯಂತ್ರವನ್ನು ಜಾರುಕಂಬಿಯ ಮೇಲೆ ಪೂರ್ತಿ ಹೊರಗೆಳೆದರೆ ಇಡೀ ರ‍್ಯಾಕು ಎಳೆದವರ ಎದೆಯ ಮೇಲೆ ಬರಬಹುದು. ಅತಿ ಭಾರದ್ದು ಅತಿ ಕೆಳಗೆ, ಒಂದು ಹೊತ್ತಿಗೆ ಒಂದನ್ನೇ ಹೊರಗೆಳೆಯುವುದು, ಚೌಕಟ್ಟಿನ ತಲೆಯನ್ನು ಗಟ್ಟಿ ಗೋಡೆಗೆ ಕಟ್ಟುವುದು: ಈ ಮೂರು ಕಟ್ಟಳೆಗಳಿಗೆ ಬದಲಿ ಇನ್ನೂ ಸಿಕ್ಕಿಲ್ಲ. ಮಕ್ಕಳಿರುವ ಮನೆಯಲ್ಲಂತೂ ಇವುಗಳಲ್ಲಿ ಒಂದನ್ನೂ ಬಿಡುವಂತಿಲ್ಲ.

ಇನ್ನು ನೆಲ. ವಾಸದ ಕೋಣೆಯ ನೆಲ ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರ ತಡೆಯುವಂತಿರಬೇಕು ಎಂಬುದು ಭಾರತೀಯ ಮಾನಕದ ಲೆಕ್ಕ. ಬಿಸಿ-610 ಒಂದು ಚದರ ಮೀಟರಿಗಿಂತ ಕಡಿಮೆ ಜಾಗದಲ್ಲಿ 180 ಕಿಲೋ ಊರುತ್ತದೆ. ಅದೊಂದರಿಂದ ಕಾಂಕ್ರೀಟಿನ ನೆಲ ಕುಸಿಯುತ್ತದೆಂದಲ್ಲ. ಆದರೆ ಅದರ ಪಕ್ಕಕ್ಕೆ ತುಂಬಿದ ರ‍್ಯಾಕು, ಪುಸ್ತಕದ ಬೀರು ಸೇರಿದರೆ ಲೆಕ್ಕ ಬದಲಾಗುತ್ತದೆ. ಭಾರದ್ದನ್ನು ಕೋಣೆಯ ನಡುವೆ ಇಡದೆ ತೊಲೆಯ ಮೇಲೆ ಅಥವಾ ಭಾರ ಹೊರುವ ಗೋಡೆಯ ಹತ್ತಿರ ಇಡುವುದು, ಕೆಳಗೆ ದಪ್ಪ ಹಲಗೆ ಹಾಸಿ ಭಾರ ಹರಡುವುದು ವಿವೇಕ. ಮರದ ತೊಲೆಗಳ ಮೇಲೆ ನಿಂತ ಮುಂಬೈಯ ಹಳೆಯ ಚಾಳುಗಳಲ್ಲಿ, ಮೈಸೂರು ಕಡೆಯ ಮದ್ರಾಸ್ ತಾರಸಿ ಮನೆಗಳ ಮಹಡಿಯಲ್ಲಿ ಎಂಜಿನಿಯರೊಬ್ಬರನ್ನು ಕೇಳದೆ ಇಂಥ ಭಾರ ಇಡಬಾರದು.

ಅಟ್ಟದ ಮೇಲಿನ ರೇಡಿಯೊ

ಕನ್ನಡದ ಮನೆಗಳಲ್ಲಿ ಹೆಚ್ಚಾಗಿ ಇದ್ದದ್ದು ಇಂಥ ಸೇನಾ ಯಂತ್ರಗಳಲ್ಲ, ಮರ್ಫಿ, ಫಿಲಿಪ್ಸ್, ಬುಷ್‌ಗಳ ವಾಲ್ವ್ ರೇಡಿಯೊ. ಅದಕ್ಕೆ ಬೇಕಾದ ವಾಲ್ವುಗಳು ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್‌ನಲ್ಲೇ ತಯಾರಾದ ಕಾಲವೂ ಇತ್ತು. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಿ ಇಟ್ಟುಕೊಂಡ ಆ ಪೆಟ್ಟಿಗೆಗೆ ಪಡಸಾಲೆಯ ಗೋಡೆಯಲ್ಲಿ ಒಂದು ಹಲಗೆ, ಮೇಲೆ ಕಸೂತಿ ಹಾಕಿದ ಬಟ್ಟೆ. ಹಲಗೆ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರುತ್ತಿತ್ತು, ಹಿಂದೆ ಗೋಡೆಗೂ ಪೆಟ್ಟಿಗೆಗೂ ನಡುವೆ ಗಾಳಿಯಾಡುತ್ತಿತ್ತು. ಬಟ್ಟೆ ಹಿಂಬದಿಯ ತೂತುಗಳಿಗೆ ಇಳಿಬೀಳದಿದ್ದರೆ ಅಜ್ಜಿಯರ ಆ ಏರ್ಪಾಡಿನಲ್ಲಿ ತಪ್ಪು ಹುಡುಕುವುದು ಕಷ್ಟ.

ಟ್ರಾನ್ಸಿಸ್ಟರು ಬಂದ ಮೇಲೆ ಅದು ಅಟ್ಟ ಸೇರಿತು. ಫ್ಲ್ಯಾಟುಗಳಲ್ಲಿ ಅಡುಗೆಮನೆಯ ಮೇಲಿನ ಲಾಫ್ಟ್ ಆ ಜಾಗ ಹಿಡಿಯಿತು. ಹಳೆಯ ರೇಡಿಯೊಗೆ ಇದಕ್ಕಿಂತ ಕೆಟ್ಟ ಜಾಗವಿಲ್ಲ. ಮೇಲೆ ಬಿಸಿ, ಕೆಳಗಿನಿಂದ ಒಗ್ಗರಣೆಯ ಹೊಗೆ, ಹಿಂದೆ ಇಲಿ. ಇಳಿಸುವಾಗ ಸ್ಟೂಲಿನ ಮೇಲೆ ನಿಂತವರ ತಲೆಗಿಂತ ಎತ್ತರದಲ್ಲಿ ಹತ್ತಾರು ಕಿಲೋ.

ಕರಾವಳಿಯ ಮಳೆಗಾಲ ಇನ್ನೊಂದು ಶತ್ರು. ತೇವಕ್ಕೆ ಉಕ್ಕಿನ ಚಾಸಿ ತುಕ್ಕು ಹಿಡಿಯುತ್ತದೆ, ಸ್ಪೀಕರಿನ ಕಾಗದ ಬೂಷ್ಟು ಹಿಡಿಯುತ್ತದೆ, ಪ್ಲೈವುಡ್ಡಿನ ಪದರ ಬಿಡುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಹತ್ತಿ ಬಟ್ಟೆಯ ಹೊದಿಕೆ, ನೆಲದಿಂದ ಒಂದು ಗೇಣು ಎತ್ತರದ ಮಣೆ, ಆಗಾಗ ಬದಲಿಸುವ ಸಿಲಿಕಾ ಜೆಲ್ ಪೊಟ್ಟಣ ಸಾಕು. ವರ್ಷಗಟ್ಟಲೆ ಹಚ್ಚದ ರೇಡಿಯೊವನ್ನು ನೆಟ್ಟಗೆ ಪ್ಲಗ್ಗಿಗೆ ಹಾಕಬಾರದು. ಅದರ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಕೆಟ್ಟಿರುತ್ತವೆ, ಸುಡಬಹುದು, ಸಿಡಿಯಬಹುದು.

ಪೆಟ್ಟಿಗೆಯೊಳಗೆ ಉಳಿದದ್ದು

ಎತ್ತುವ, ಪೇರಿಸುವ ಗಳಿಗೆಯಲ್ಲೇ ಗೊತ್ತಿರಬೇಕಾದ ಕೆಲವು ಅಪಾಯಗಳು ಪೆಟ್ಟಿಗೆಯ ಒಳಗಿವೆ. ಎಸಿ, ಡಿಸಿ ಎರಡಕ್ಕೂ ಹೊಂದುವಂತೆ ಮಾಡಿದ ರೇಡಿಯೊಗಳಲ್ಲಿ ಟ್ರಾನ್ಸ್‌ಫಾರ್ಮರೇ ಇಲ್ಲ. ಚಾಸಿ ನೇರವಾಗಿ ಕರೆಂಟಿಗೆ ಸೇರಿರುತ್ತದೆ. ನಾಬು ಕಳಚಿಹೋದ ಕಡ್ಡಿಯನ್ನು ಮುಟ್ಟಿದರೂ ಶಾಕ್ ಹೊಡೆಯಬಹುದು. ಹಗುರವಾದ ರೇಡಿಯೊ ಹೆಚ್ಚು ಅಪಾಯದ್ದು ಎಂಬ ವಿಚಿತ್ರ ಇಲ್ಲಿದೆ: ಭಾರ ಕೊಡುವ ಟ್ರಾನ್ಸ್‌ಫಾರ್ಮರೇ ಮನುಷ್ಯನಿಗೂ ಕರೆಂಟಿಗೂ ನಡುವಿನ ಗೋಡೆ. ಬಿಸಿ-610ರಂಥದರಲ್ಲಿ 2,000 ವೋಲ್ಟಿಗೂ ಹೆಚ್ಚು ಹರಿಯುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ಅದೇ ಯಂತ್ರದ ರೆಕ್ಟಿಫೈಯರ್ ವಾಲ್ವುಗಳಲ್ಲಿ ಪಾದರಸವಿದೆ; ಸಾಗಿಸುವ ಮುನ್ನ ಅವನ್ನು ತೆಗೆದು ನೆಟ್ಟಗೆ ಇಡಬೇಕು. ಆ ಕಾಲದ ಎಣ್ಣೆ ಕೆಪಾಸಿಟರುಗಳಲ್ಲಿ ಪಿಸಿಬಿ ಎಂಬ ವಿಷದ ಎಣ್ಣೆ ಇರಬಹುದು. ಅಮೆರಿಕ ಅದರ ತಯಾರಿಕೆಯನ್ನು 1979ರಲ್ಲಿ ನಿಷೇಧಿಸಿತು. ಜಿನುಗುತ್ತಿರುವ ಡಬ್ಬಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಸೇನೆಯ ಕೆಲವು ಮೀಟರುಗಳ ಮುಳ್ಳಿಗೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣ ಬಳಿದಿದ್ದರು. ಅಮೆರಿಕದ ಸೇನೆ ಎಷ್ಟೋ ಆರ್-390ಎಗಳನ್ನು ಮಾರುವ ಮುನ್ನ ಮೀಟರು ಕಿತ್ತುಹಾಕಿದ್ದು ಈ ಕಾರಣಕ್ಕೆ. ಬಣ್ಣದ ಹೊಳಪು ಕೆಲವು ದಶಕದಲ್ಲಿ ಸಾಯುತ್ತದೆ. ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಅಂಥ ಮೀಟರಿನ ಗಾಜು ತೆರೆಯಬಾರದು.

ಕೊನೆಗೆ ಎತ್ತುವವರು

ಈ ಯಂತ್ರಗಳನ್ನು ಇಷ್ಟಪಟ್ಟು ತಂದವರಿಗೆ ಅವುಗಳ ಗುಟ್ಟು ಗೊತ್ತು: ಯಾವ ಮೂಲೆ ಭಾರ, ಯಾವ ಮುಚ್ಚಳ ತೆರೆಯಬಾರದು, ಆರ್-390ಎಯ ಭಾಗಗಳನ್ನು ಹೇಗೆ ಬಿಚ್ಚಿ ಹಗುರ ಮಾಡಬಹುದು, ಎಚ್‌ಆರ್‌ಒದ ಯಾವ ಕಾಯಿಲ್ ಪೆಟ್ಟಿಗೆ ಎಲ್ಲಿದೆ. ಅದೆಲ್ಲ ಅವರ ತಲೆಯಲ್ಲೇ ಇರುತ್ತದೆ. ಅವರ ನಂತರ ಅದನ್ನು ಎತ್ತಬೇಕಾದವರು ಹೆಂಡತಿ, ಮಕ್ಕಳು, ಪ್ಯಾಕರ್ಸ್ ಕಳಿಸಿದ ಹುಡುಗರು. ಅವರಿಗೆ ಕಾಣುವುದು ಒಂದು ಕಬ್ಬಿಣದ ಪೆಟ್ಟಿಗೆ ಮಾತ್ರ.

ಅದಕ್ಕೇ ಅನುಭವಸ್ಥ ಸಂಗ್ರಾಹಕರು ಪ್ರತಿ ಯಂತ್ರದ ಹಿಂದೆ ಒಂದು ಚೀಟಿ ಅಂಟಿಸುತ್ತಾರೆ. ಹೆಸರು, ತೂಕ, ಭಾರದ ಬದಿಗೆ ಬಾಣದ ಗುರುತು, ಎಷ್ಟು ಜನ ಎತ್ತಬೇಕು, ಒಳಗೆ ಏನು ಅಪಾಯ, ಕೊನೆಗೆ ಯಾರನ್ನು ಕೇಳಬೇಕು. ಅಂಥ ಚೀಟಿಯನ್ನು ಮನೆಯವರು ಓದುವ ಭಾಷೆಯಲ್ಲಿ ಬರೆದರೆ ಇನ್ನೂ ಒಳ್ಳೆಯದು.

ಆ ಚೀಟಿ ಇಲ್ಲದ ಮನೆಗಳಲ್ಲಿ ಯಂತ್ರದ ಕೊನೆಯ ಬೆಲೆ ಕಟ್ಟುವವನು ಗುಜರಿಯವನು. ಅವನೂ ತೂಕವನ್ನೇ ನೋಡುತ್ತಾನೆ, ಆದರೆ ಬೇರೆ ರೀತಿಯಲ್ಲಿ: ಟ್ರಾನ್ಸ್‌ಫಾರ್ಮರು ಒಡೆದು ತಾಮ್ರ ಒಂದು ಕಡೆ, ಕಬ್ಬಿಣ ಒಂದು ಕಡೆ. ಉತ್ತರ ಆಫ್ರಿಕದ ಮರಳಿನಲ್ಲಿ ಮಾತಾಡಿದ ಯಂತ್ರವೇ ಇರಲಿ, ಪಡಸಾಲೆಯ ಹಲಗೆಯ ಮೇಲಿಂದ ಬೆಳಗಿನ ವಾರ್ತೆ ಹೇಳಿದ ಮರ್ಫಿಯೇ ಇರಲಿ, ತಕ್ಕಡಿಯಲ್ಲಿ ಅವಕ್ಕೆ ಕಿಲೋ ಲೆಕ್ಕ.